ಮನೆಗೆ, ಮಳೆಗೆ, ಸ್ಟೇಜಿಗೆ: ರಾಕ್, ಬ್ಲೂಸ್ ನುಡಿಸುವವರು ಗಿಟಾರ್ ಆಂಪ್ ಆರಿಸುವುದು ಹೇಗೆ?

"ಎಲೆಕ್ಟ್ರಿಕ್ ಗಿಟಾರ್ ತಗೊಂಡಾಯಿತು, ಈಗ ಆಂಪ್ ಯಾವುದು ತಗೊಳ್ಳಲಿ?" ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಆಂಪ್ ಅಂದರೆ ಆಂಪ್ಲಿಫೈಯರ್, ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವ ಯಂತ್ರ. ಕೇಳುವವರಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿದ್ದಾರೆ. ವಾರಾಂತ್ಯಕ್ಕೆ ರೆಸಾರ್ಟ್, ಹೋಂಸ್ಟೇಗಳಲ್ಲಿ ನುಡಿಸುವವರಿದ್ದಾರೆ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಪಳಗಿ, ಈಗ ಬ್ಲೂಸ್ ರುಚಿ ಹತ್ತಿಸಿಕೊಂಡವರೂ ಇದ್ದಾರೆ.

ಯೂಟ್ಯೂಬಿನಲ್ಲಿ ಸಲಹೆಗೇನೂ ಬರವಿಲ್ಲ. ಆದರೆ ಅವು ಬಹುಪಾಲು ಅಮೆರಿಕ, ಇಂಗ್ಲೆಂಡಿನವರು ತಮ್ಮ ಮನೆಗೆ, ತಮ್ಮ ಕರೆಂಟಿಗೆ ಹೊಂದುವಂತೆ ಹೇಳಿದ್ದು. ನಮ್ಮ ಪರಿಸ್ಥಿತಿ ಬೇರೆ. ನಾಲ್ಕಾರು ಆಂಪ್ ಒಟ್ಟಿಗೆ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಟೌನಿನಲ್ಲಾದರೆ ಗೋಡೆಗೆ ಗೋಡೆ ತಾಗಿಕೊಂಡ ಮನೆಗಳು. ಹಾಗಾಗಿ ನನ್ನ ಸಲಹೆ ಇಷ್ಟು: ವಾರದ ಐದು ದಿನ ನೀವು ಎಲ್ಲಿ ಕೂತು ನುಡಿಸುತ್ತೀರೋ ಆ ಜಾಗಕ್ಕೆ ಆಂಪ್ ತಗೊಳ್ಳಿ. ಮುಂದೊಂದು ದಿನ ಸಿಗಬಹುದಾದ ಸ್ಟೇಜಿಗಾಗಿ ಇವತ್ತೇ ದುಡ್ಡು ಸುರಿಯಬೇಡಿ.

ಮೊದಲು ಕೆಲವು ಪದಗಳು

ಕಾಂಬೋ: ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು. ಹೆಡ್ ಮತ್ತು ಕ್ಯಾಬಿನೆಟ್: ಎರಡೂ ಬೇರೆ ಬೇರೆ ಪೆಟ್ಟಿಗೆ. ಹೊಸಬರಿಗೆ ಕಾಂಬೋ ಸಾಕು.

ಗೇನ್: ಗಿಟಾರಿನಿಂದ ಬರುವ ಸಣ್ಣ ಸಿಗ್ನಲನ್ನು ಆಂಪಿನ ಮೊದಲ ಹಂತದಲ್ಲಿ ಎಷ್ಟು ಹಿಗ್ಗಿಸಬೇಕು ಎಂದು ಹೇಳುವ ನಾಬ್. ಜಾಸ್ತಿ ಮಾಡಿದರೆ ದನಿ ಒಡೆಯುತ್ತದೆ. ಹಗುರವಾಗಿ ಒಡೆದರೆ ಓವರ್‌ಡ್ರೈವ್, ಪೂರ್ತಿ ಒಡೆದರೆ ಡಿಸ್ಟಾರ್ಶನ್. ಮಾಸ್ಟರ್: ಕೊನೆಯಲ್ಲಿ ಹೊರಬರುವ ಸದ್ದಿನ ಮಟ್ಟ. ಕ್ಲೀನ್: ಒಡೆಯದ ದನಿ.

ಬ್ಲೂಸ್ ನುಡಿಸುವವರಿಗೆ ಬೇಕಾದದ್ದು ಕ್ಲೀನ್ ಮತ್ತು ಓವರ್‌ಡ್ರೈವ್ ನಡುವಿನ ಗಡಿ. ಮೆತ್ತಗೆ ಮೀಟಿದರೆ ಸ್ವಚ್ಛ, ಜೋರಾಗಿ ಮೀಟಿದರೆ ಒರಟು. ಈ ಗಡಿ ಸಿಗದ ಆಂಪ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಬ್ಲೂಸಿಗೆ ಆಗುವುದಿಲ್ಲ.

ಹಂತ 1: ನುಡಿಸುವ ಜಾಗ ಯಾವುದು, ಬರೆದುಕೊಳ್ಳಿ

ಮಲಗುವ ಕೋಣೆಯೇ? ತೋಟದ ಮನೆಯೇ? ಡ್ರಮ್ಸ್ ಇರುವ ಬ್ಯಾಂಡಿನ ಜೊತೆಗೇ? ರೆಸಾರ್ಟಿನ ಹುಲ್ಲುಹಾಸಿನ ಮೇಲೆಯೇ? ನಾಲ್ಕಕ್ಕೂ ಒಂದೇ ಆಂಪ್ ಹುಡುಕಿದರೆ ಯಾವುದಕ್ಕೂ ಸರಿಹೋಗದ್ದು ಸಿಗುತ್ತದೆ. ಜಾಸ್ತಿ ಹೊತ್ತು ಕಳೆಯುವ ಒಂದು ಜಾಗವನ್ನು ಆರಿಸಿ.

ಸ್ಟೇಜಿನ ಬಗ್ಗೆ ಚಿಂತೆ ಬೇಡ. ಕಲಾಕ್ಷೇತ್ರವಾಗಲಿ, ಕಾಲೇಜಿನ ಆಡಿಟೋರಿಯಂ ಆಗಲಿ, ಅಲ್ಲಿ ಸೌಂಡ್ ಸಿಸ್ಟಂ ಇದ್ದೇ ಇರುತ್ತದೆ. ನಿಮ್ಮ ಚಿಕ್ಕ ಆಂಪಿನ ಮುಂದೆ ಒಂದು ಮೈಕ್ ಇಟ್ಟರೆ ಇಡೀ ಸಭಾಂಗಣಕ್ಕೆ ಕೇಳುತ್ತದೆ. ದೊಡ್ಡ ದೊಡ್ಡ ಬ್ಯಾಂಡ್‌ಗಳೂ ಮಾಡುವುದು ಇದನ್ನೇ.

ಹಂತ 2: ವ್ಯಾಟ್ ಲೆಕ್ಕಕ್ಕೆ ಮೋಸ ಹೋಗಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. 100 ವ್ಯಾಟ್ ಅಂದರೆ 50 ವ್ಯಾಟಿನ ಎರಡು ಪಟ್ಟು ಸದ್ದು ಅಲ್ವಾ? ಅಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು "ಸ್ವಲ್ಪ ಜಾಸ್ತಿ" ಅನ್ನಿಸುತ್ತದೆ ಅಷ್ಟೇ. ಸದ್ದು ಎರಡು ಪಟ್ಟಾಯಿತು ಅನ್ನಿಸಬೇಕೆಂದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು.

ಇನ್ನೊಂದು ಲೆಕ್ಕ ನೋಡಿ. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರಿಗೆ ಬರೀ 1 ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 97ರಿಂದ 100 ಡೆಸಿಬಲ್ ಬರುತ್ತದೆ. ಮನೆಯೊಳಗೆ ಇದು ಕಿವಿಗೆ ಹೊಡೆಯುವ ಸದ್ದು. ಅಂದರೆ ಮನೆಗೆ 1 ವ್ಯಾಟೇ ಜಾಸ್ತಿ!

ಹಾಗಾದರೆ ಎಷ್ಟಿರಲಿ? ಮನೆಗೆ ಮಾತ್ರವಾದರೆ 5ರಿಂದ 20 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ ಧಾರಾಳ. ಡ್ರಮ್ಸ್ ಜೊತೆಗಾದರೆ 50 ವ್ಯಾಟ್ ಆಸುಪಾಸಿನ ಟ್ರಾನ್ಸಿಸ್ಟರ್ ಆಂಪ್, ಇಲ್ಲವೇ 15ರಿಂದ 20 ವ್ಯಾಟಿನ ವಾಲ್ವ್ ಆಂಪ್ (ಹಳೆಯ ರೇಡಿಯೋದಂತೆ ಗಾಜಿನ ವಾಲ್ವ್ ಇರುವುದು; ಈ ಎರಡು ಬಗೆಯ ವಿವರ ಹಂತ 3ರಲ್ಲಿದೆ). ವಾಲ್ವಿಗೆ ಕಡಿಮೆ ಸಂಖ್ಯೆ ಸಾಕಾಗುವುದೇಕೆ? ವಾಲ್ವ್ ಆಂಪ್ ತನ್ನ ಮಿತಿ ದಾಟಿದ ಮೇಲೂ ಇಂಪಾಗಿ ಒಡೆಯುತ್ತದೆ, ಆ ಒಡೆದ ದನಿಯನ್ನೂ ನಾವು ಬಳಸಿಕೊಳ್ಳುತ್ತೇವೆ. ಟ್ರಾನ್ಸಿಸ್ಟರ್ ಆಂಪ್ ಮಿತಿ ದಾಟಿದರೆ ಕರ್ಕಶ. ಅದನ್ನು ಮಿತಿಯ ಒಳಗೇ ಇಟ್ಟು ನುಡಿಸಬೇಕು.

ಪವರ್ ಕಡಿಮೆ ಮಾಡುವ ಸ್ವಿಚ್ ಇರುವ ಆಂಪ್ ಸಿಕ್ಕರೆ ಒಳ್ಳೆಯದು. ಬಾಸ್ (Boss) ಕಂಪನಿಯ ಕಟಾನಾ 50 ಆಂಪಿನಲ್ಲಿ 50, 25, 0.5 ವ್ಯಾಟ್ ಎಂದು ಮೂರು ಮಟ್ಟಗಳಿವೆ. ಮಾರ್ಷಲ್ ಡಿಎಸ್‌ಎಲ್5 ವಾಲ್ವ್ ಆಂಪನ್ನು 0.5 ವ್ಯಾಟಿಗೆ ಇಳಿಸಬಹುದು. ರಾತ್ರಿ ಹೊತ್ತು ನುಡಿಸುವವರಿಗೆ ಈ ಒಂದು ಸ್ವಿಚ್ ಬೇರೆ ಹತ್ತು ಎಫೆಕ್ಟ್‌ಗಳಿಗಿಂತ ಮುಖ್ಯ.

ಹಂತ 3: ವಾಲ್ವ್, ಟ್ರಾನ್ಸಿಸ್ಟರ್, ಮಾಡೆಲಿಂಗ್: ಯಾವುದು ನಿಮಗೆ?

ನಮ್ಮ ಅಜ್ಜಂದಿರ ಕಾಲದ ವಾಲ್ವ್ ರೇಡಿಯೋ ನೋಡಿದ್ದೀರಲ್ಲ, ಆನ್ ಮಾಡಿದ ಮೇಲೆ ಬಿಸಿಯಾಗಿ ನಿಧಾನಕ್ಕೆ ಹಾಡಲು ಶುರು ಮಾಡುವಂಥದ್ದು? ಅದೇ ಗಾಜಿನ ವಾಲ್ವ್‌ಗಳು ಇವತ್ತಿಗೂ ಗಿಟಾರ್ ಆಂಪ್‌ಗಳಲ್ಲಿ ಕೆಲಸ ಮಾಡುತ್ತಿವೆ. ಕಾರಣ ಸುಮ್ನೆ ಹಳೆಯದರ ಮೋಹವಲ್ಲ. ರಾಕ್, ಬ್ಲೂಸಿನ ದನಿ ಹುಟ್ಟಿದ್ದೇ ಈ ವಾಲ್ವ್‌ಗಳು ಮಿತಿಮೀರಿ ಒಡೆದಾಗ.

ಇದರ ಹಿನ್ನೆಲೆ ಗೊತ್ತಿದ್ದರೆ ಆಯ್ಕೆ ಸುಲಭ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಮಾಡುತ್ತಿದ್ದ ಬಾಸ್‌ಮನ್ ಎಂಬ ಆಂಪ್ ಇದ್ದದ್ದು ಬಾಸ್ ಗಿಟಾರಿಗಾಗಿ. ನಾಲ್ಕು 10 ಇಂಚಿನ ಸ್ಪೀಕರಿನ ಆ ಪೆಟ್ಟಿಗೆಯನ್ನು ಗಿಟಾರಿಸ್ಟುಗಳು ತಮ್ಮದಾಗಿಸಿಕೊಂಡರು. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಅಂಗಡಿ ಇಟ್ಟಿದ್ದ ಡ್ರಮ್ಮರ್ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಅದೇ ಸರ್ಕ್ಯೂಟನ್ನು ಆಧಾರವಾಗಿಟ್ಟುಕೊಂಡು ಜೆಟಿಎಂ45 ಕಟ್ಟಿದರು. ಇಂಗ್ಲೆಂಡಿನಲ್ಲಿ ಸಿಗುತ್ತಿದ್ದ ಬಿಡಿಭಾಗ, ಇಂಗ್ಲೆಂಡಿನ ಸ್ಪೀಕರ್, ದನಿ ಬೇರೆಯಾಯಿತು. 1966ರಲ್ಲಿ ಇಂಗ್ಲೆಂಡಿನ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಕಾಂಬೋಗೆ ಸಿಕ್ಕಿಸಿ, ವಾಲ್ಯೂಮ್ ಏರಿಸಿ ಬ್ಲೂಸ್ ರೆಕಾರ್ಡ್ ಮಾಡಿದರು. ರಾಕ್ ಗಿಟಾರಿನ ದನಿ ಅಂದರೆ ಹೀಗಿರಬೇಕು ಎಂದು ಜಗತ್ತು ಒಪ್ಪಿಕೊಂಡಿತು.

ಇವತ್ತಿಗೂ ಅಂಗಡಿಯಲ್ಲಿ "ಫೆಂಡರ್ ದನಿ", "ಮಾರ್ಷಲ್ ದನಿ" ಅಂದರೆ ಇದೇ ಅರ್ಥ. ಫೆಂಡರ್ ಕಡೆಯದು ಸ್ವಚ್ಛ, ಹೊಳಪು, ನಡುಸ್ವರ ಸ್ವಲ್ಪ ತಗ್ಗು. ಮಾರ್ಷಲ್ ಕಡೆಯದು ನಡುಸ್ವರ ಮುಂದೆ, ಬೇಗ ಒಡೆಯುವ, ಬ್ಯಾಂಡಿನ ಗದ್ದಲ ಸೀಳಿಕೊಂಡು ಬರುವ ದನಿ. ಮೂರನೆಯದು ವಾಕ್ಸ್ ಎಸಿ30, ಗಂಟೆಯಂಥ ಹೈ ಸ್ವರಗಳಿಗೆ ಹೆಸರಾದದ್ದು. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಬಳಸುವುದು ಅದನ್ನೇ. ಆದರೆ 30 ಕೆಜಿಗೂ ಮೀರಿದ ತೂಕ. ಮಹಡಿ ಮನೆಯವರು ಎರಡು ಸಲ ಯೋಚಿಸಿ.

ವಾಲ್ವ್ ಆಂಪಿನ ಕಷ್ಟಗಳನ್ನೂ ಹೇಳಬೇಕು. ಬೆಲೆ ಜಾಸ್ತಿ. ತೂಕ ಜಾಸ್ತಿ. ವಾಲ್ವ್‌ಗಳು ಸವೆಯುತ್ತವೆ, ಬದಲಿಸಬೇಕಾಗುತ್ತದೆ. 12ಎಎಕ್ಸ್7, ಇಎಲ್84, ಇಎಲ್34, 6ಎಲ್6 ಎಂಬ ಹೆಸರಿನ ಇವು ನಮ್ಮ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಬೇಕು. ಬೆಂಗಳೂರಿನಿಂದ ತರುವಾಗ ಬಸ್ಸಿನ ಡಿಕ್ಕಿಯಲ್ಲಿ ಲಗೇಜುಗಳ ಅಡಿಗೆ ಹಾಕುವ ಹಾಗಿಲ್ಲ. ಕಾರಿನ ಸೀಟಿನ ಮೇಲೆ ನೆಟ್ಟಗೆ ಕೂರಿಸಿ ತನ್ನಿ.

ಎರಡು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ. ಒಂದು, ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪನ್ನು ಯಾವತ್ತೂ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಎರಡು, ಹಿಂದಿನ ಮುಚ್ಚಳ ತೆಗೆದು ಸರ್ಕ್ಯೂಟಿಗೆ ಕೈ ಹಾಕಬೇಡಿ. ಒಳಗೆ 300, 400 ವೋಲ್ಟಿನ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಜೀವ ತೆಗೆಯುವಷ್ಟು ಶಕ್ತಿ ಅದಕ್ಕಿದೆ. ವಾಲ್ವ್ ರೇಡಿಯೋ ರಿಪೇರಿ ಮಾಡಿ ಗೊತ್ತಿರುವ ಹಿರಿಯ ಮೆಕ್ಯಾನಿಕ್ ನಿಮ್ಮ ಊರಿನಲ್ಲಿದ್ದರೆ ಅವರ ಸ್ನೇಹ ಇಟ್ಟುಕೊಳ್ಳಿ.

ಟ್ರಾನ್ಸಿಸ್ಟರ್ ಆಂಪ್, ಅಂದರೆ ಸಾಲಿಡ್ ಸ್ಟೇಟ್, ಹಗುರ, ಗಟ್ಟಿ, ಅಗ್ಗ. ಬ್ಲೂಸಿಗೆ ಇದಾಗುವುದಿಲ್ಲ ಎನ್ನುವವರ ಮಾತು ಕೇಳಬೇಡಿ. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ವರ್ಷಗಟ್ಟಲೆ ನುಡಿಸಿದ್ದು ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪಿನಲ್ಲಿ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120 ಇವತ್ತಿಗೂ ಕ್ಲೀನ್ ದನಿಗೆ ಮಾದರಿ. ಚಿಕ್ಕದರಲ್ಲಿ ವಾಕ್ಸ್ ಪಾತ್‌ಫೈಂಡರ್ 10, ಆರೆಂಜ್ ಕ್ರಶ್ 20 ಮನೆಗೆ ಚೆನ್ನಾಗಿವೆ.

ಮಾಡೆಲಿಂಗ್ ಆಂಪ್ ಅಂದರೆ ಬೇರೆ ಬೇರೆ ಹೆಸರಾಂತ ಆಂಪ್‌ಗಳ ದನಿಯನ್ನು ಒಳಗಿನ ಕಂಪ್ಯೂಟರ್ ಚಿಪ್ ಅನುಕರಿಸುವುದು. ಕಟಾನಾ, ಫೆಂಡರ್ ಮಸ್ಟಾಂಗ್, ಯಮಾಹಾ ಟಿಎಚ್‌ಆರ್ ಈ ಗುಂಪಿನವು. ನಮ್ಮ ಕಡೆಯ ಹೆಚ್ಚಿನ ಓದುಗರಿಗೆ ನಾನು ಹೇಳುವುದು ಇದನ್ನೇ. ತಗ್ಗಿದ ಸದ್ದಿನಲ್ಲೂ ಒಳ್ಳೆಯ ಓವರ್‌ಡ್ರೈವ್ ಕೊಡುತ್ತವೆ, ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು. ಇದರ ತೊಂದರೆ ಒಂದೇ: ದನಿಗಳ ಪಟ್ಟಿ ತಿರುಗಿಸುತ್ತಾ ಕೂತರೆ ಗಂಟೆಗಟ್ಟಲೆ ಹೋಗುತ್ತದೆ, ಅಭ್ಯಾಸ ಆಗುವುದಿಲ್ಲ. ಒಂದು ಕ್ಲೀನ್, ಒಂದು ಓವರ್‌ಡ್ರೈವ್, ಒಂದು ಡಿಸ್ಟಾರ್ಶನ್ ಸೇವ್ ಮಾಡಿಕೊಂಡು, ದನಿ ಆರಿಸುವ ಫೋನಿನ ಆಪ್ ಮುಚ್ಚಿಬಿಡಿ.

ಹಂತ 4: ಸ್ಪೀಕರ್ ಅಳತೆ

5, 6 ಇಂಚಿನ ಸ್ಪೀಕರಿನಲ್ಲಿ ದಪ್ಪ ತಂತಿಗಳ ಸ್ವರ ತೆಳುವಾಗುತ್ತದೆ. 8 ಇಂಚು ಮನೆಗೆ ಪರವಾಗಿಲ್ಲ. ಬ್ಯಾಂಡಿಗಾದರೆ 10 ಅಥವಾ 12 ಇಂಚು.

ಇಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. "ಮನೆಯಲ್ಲಿ ಹಾಡಿಗೆ, ಭಾಷಣಕ್ಕೆ ಬಳಸುವ ಪಿಎ ಆಂಪ್ ಇದೆ. ಅದಕ್ಕೇ ಗಿಟಾರ್ ಸಿಕ್ಕಿಸಬಹುದಾ?" ಸದ್ದು ಬರುತ್ತದೆ, ದನಿ ಬರುವುದಿಲ್ಲ. ಗಿಟಾರಿನ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) ಸುಮಾರು 1 ಮೆಗಾ ಓಮ್ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ) ಇರುವ ಇನ್‌ಪುಟ್ ಬೇಕು. ಮೈಕಿಗಾಗಿ ಮಾಡಿದ ಇನ್‌ಪುಟ್ ಅದಕ್ಕಿಂತ ತುಂಬಾ ಕೆಳಗಿರುತ್ತದೆ, ಹಾಗಾಗಿ ಗಿಟಾರ್ ಮಂಕಾಗುತ್ತದೆ. ಇನ್ನು ಡಿಸ್ಟಾರ್ಶನ್ ಪೆಡಲ್ (ದನಿ ಬದಲಿಸಲು ಕಾಲಿನಲ್ಲಿ ಒತ್ತುವ ಪೆಟ್ಟಿಗೆ) ಹಾಕಿದರಂತೂ ಕೇಳಲಾಗುವುದಿಲ್ಲ. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಜ್ ಮೇಲಿನ ಸದ್ದನ್ನು ತಾನಾಗಿಯೇ ಕತ್ತರಿಸುತ್ತದೆ. ಪಿಎ ಬಾಕ್ಸಿನ ಹಾರ್ನ್ ಅದನ್ನೆಲ್ಲ ಹೊರಗೆ ಬಿಡುತ್ತದೆ, ಕಿವಿಯ ಹತ್ತಿರ ಸೊಳ್ಳೆಗಳ ಹಿಂಡು ಗುಯ್ಗುಟ್ಟಿದ ಹಾಗೆ. ಪಿಎಗೇ ಕೊಡಬೇಕಾದ ಸಂದರ್ಭ ಬಂದರೆ ಕ್ಯಾಬಿನೆಟ್ ಸಿಮ್ಯುಲೇಶನ್ ಇರುವ ಮಲ್ಟಿ ಎಫೆಕ್ಟ್ ಪೆಡಲ್ ನಡುವೆ ಹಾಕಿ. ಸ್ಪೀಕರಿನ ಈ ಕತ್ತರಿಸುವ ಕೆಲಸವನ್ನು ಅದು ಮಾಡುತ್ತದೆ.

ಹಂತ 5: ಕರೆಂಟ್ ನೋಡಿಕೊಳ್ಳಿ

ಆಂಪಿನ ಹಿಂಭಾಗದಲ್ಲಿ ವೋಲ್ಟೇಜ್ ಬರೆದಿರುತ್ತದೆ. 220ರಿಂದ 240, ಅಥವಾ 100ರಿಂದ 240 ಎಂದಿದ್ದರೆ ನಿಶ್ಚಿಂತೆ. ಅಮೆರಿಕದಲ್ಲಿರುವ ಅಣ್ಣ, ಅಕ್ಕ ಊರಿಗೆ ಬರುವಾಗ ಆಂಪ್ ತಂದುಕೊಡುತ್ತಾರೆ, ಅದರ ಮೇಲೆ 120 ಎಂದು ಬರೆದಿರುತ್ತದೆ. ಅದನ್ನು ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಆ ಕ್ಷಣವೇ ಹಾಳು. ಜಪಾನಿನದಾದರೆ 100 ವೋಲ್ಟ್. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಆಂಪ್ ಎಳೆಯುವ ವ್ಯಾಟಿಗಿಂತ ಸಾಕಷ್ಟು ದೊಡ್ಡದು. ಪ್ಲಗ್ ಬದಲಿಸಿದ ಮಾತ್ರಕ್ಕೆ ವೋಲ್ಟೇಜ್ ಬದಲಾಗುವುದಿಲ್ಲ.

ಸಂಜೆ ಹೊತ್ತು, ಸುತ್ತಮುತ್ತ ಪಂಪ್‌ಸೆಟ್ ಓಡುವಾಗ, ಮನೆಯ ವೋಲ್ಟೇಜ್ ಎಷ್ಟಿದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಅಳತೆ ಮಾಡಿಸಿ. 207ರಿಂದ 253ರ ಒಳಗಿದ್ದರೆ ಸರಿ. ಅದರಾಚೆ ಏರಿಳಿತ ಇದ್ದರೆ ಸ್ಟೆಬಿಲೈಜರ್ ಹಾಕಿಸಿ, ಮುಖ್ಯವಾಗಿ ವಾಲ್ವ್ ಆಂಪಿಗೆ.

ಅರ್ತಿಂಗ್ ವಿಷಯದಲ್ಲಿ ರಾಜಿ ಬೇಡ. ಹಮ್ (ಗುಂಯ್ ಎನ್ನುವ ಸದ್ದು) ಬರುತ್ತದೆ ಎಂದು ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಾಕುವವರಿದ್ದಾರೆ. ಗಿಟಾರಿನ ತಂತಿ ಕೇಬಲ್ ಮೂಲಕ ಆಂಪಿನ ಅರ್ತ್‌ಗೇ ಸೇರಿರುತ್ತದೆ. ಅರ್ತ್ ಇಲ್ಲದೆ ಆಂಪಿನಲ್ಲಿ ಏನಾದರೂ ಕೆಟ್ಟರೆ ಶಾಕ್ ಬರುವುದು ನಿಮ್ಮ ಬೆರಳಿಗೆ. ಒದ್ದೆ ನೆಲದ ಮೇಲೆ, ಬರಿಗಾಲಿನಲ್ಲಿ, ಮೈಕಿಗೆ ತುಟಿ ತಾಗಿಸಿ ಹಾಡುವವರಿಗಂತೂ ಇದು ಪ್ರಾಣಾಪಾಯ. ಪೆಂಡಾಲಿನಲ್ಲಿ ನುಡಿಸುವ ಮುನ್ನ ಅರ್ತ್ ಇದೆಯಾ ಎಂದು ಕೇಳಲು ಸಂಕೋಚ ಬೇಡ.

ಯುಪಿಎಸ್ ಇರುವ ಮನೆಯಲ್ಲಿ ಅದು ಸೈನ್ ವೇವ್‌ನದೋ ಸ್ಕ್ವೇರ್ ವೇವ್‌ನದೋ ನೋಡಿ. ಸ್ಕ್ವೇರ್ ವೇವ್‌ನದರಲ್ಲಿ ಆಂಪ್ ಜುಯ್ ಎನ್ನುವುದು ಸಾಮಾನ್ಯ. ಕರೆಂಟ್ ಹೆಚ್ಚು ಹೋಗುವ ಊರಿನವರು ಬ್ಯಾಟರಿಯಲ್ಲಿ ಓಡುವ ಚಿಕ್ಕ ಆಂಪ್ ನೋಡಬಹುದು. ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್, ಬ್ಲ್ಯಾಕ್‌ಸ್ಟಾರ್ ಫ್ಲೈ 3 ಎರಡೂ ಆರು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತವೆ. 3 ವ್ಯಾಟ್ ಅಷ್ಟೇ, ಆದರೆ ಅಭ್ಯಾಸ ನಿಲ್ಲುವುದಿಲ್ಲ.

ಹಂತ 6: ಅಂಗಡಿಯಲ್ಲಿ ಪರೀಕ್ಷೆ

ಹಾಸನದವರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಂಜೆಗೆ ವಾಪಸ್ ಬರಬಹುದು. ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಯಾವ ಆಂಪ್ ಆದರೂ ಚೆನ್ನಾಗಿಯೇ ಕೇಳುತ್ತದೆ.

ರಿವರ್ಬ್ (ದನಿಗೆ ಸೇರಿಸುವ ಗುಂಗು), ಎಫೆಕ್ಟ್ ಎಲ್ಲ ಆಫ್ ಮಾಡಿ. ಬಾಸ್, ಮಿಡ್, ಟ್ರೆಬಲ್ ಮೂರನ್ನೂ ಅರ್ಧಕ್ಕೆ ಇಡಿ. ಗಿಟಾರಿನ ವಾಲ್ಯೂಮ್ 10ರಲ್ಲಿರಲಿ. ಈಗ ಗೇನ್ ನಿಧಾನವಾಗಿ ಏರಿಸುತ್ತಾ ಒಂದೇ ಕಾರ್ಡ್ ಮೀಟುತ್ತಿರಿ. ಜೋರಾಗಿ ಮೀಟಿದಾಗ ಮಾತ್ರ ದನಿ ಒರಟಾಗುವ ಜಾಗ ಒಂದು ಸಿಗುತ್ತದೆ. ಅಲ್ಲಿ ನಿಲ್ಲಿಸಿ.

ಈಗ ಗಿಟಾರಿನ ವಾಲ್ಯೂಮನ್ನು 10ರಿಂದ 6ಕ್ಕೆ ಇಳಿಸಿ. ದನಿ ಸ್ವಚ್ಛವಾಗಬೇಕು, ಆದರೆ ಸತ್ತುಹೋಗಬಾರದು. ಮತ್ತೆ 10ಕ್ಕೆ ಏರಿಸಿ, ಮೂರನೇ ತಂತಿಯ 7ನೇ ಫ್ರೆಟ್ಟಿನಲ್ಲಿ ಒಂದು ಪೂರ್ಣ ಸ್ವರದಷ್ಟು ಬೆಂಡ್ ಮಾಡಿ ಹಿಡಿಯಿರಿ. ಸ್ವರ ಹಾಡುತ್ತಾ ಉಳಿಯಬೇಕು, ಕೊನೆಯಲ್ಲಿ ಪುಸ್ ಎಂದು ಕರಗಬಾರದು. ಬ್ಲೂಸಿನ ಅರ್ಧ ಪಾಲು ಈ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ರಾಕ್‌ಗಾಗಿ ಗೇನ್ ಮುಕ್ಕಾಲು ಏರಿಸಿ ದಪ್ಪ ತಂತಿಗಳಲ್ಲಿ ಪವರ್ ಕಾರ್ಡ್ ನುಡಿಸಿ, ಅಂಗೈಯಿಂದ ಅದುಮಿ ನಿಲ್ಲಿಸಿ. ಸದ್ದು ತಕ್ಷಣ ನಿಲ್ಲಬೇಕು, ಗುಂಯ್ ಎಂದು ಹರಡಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಮಾಸ್ಟರ್ ಇಳಿಸಿ, ಪಕ್ಕದಲ್ಲಿರುವವರ ಜೊತೆ ದನಿ ಏರಿಸದೆ ಮಾತಾಡುವ ಮಟ್ಟಕ್ಕೆ ತನ್ನಿ. ನಿಮ್ಮ ಮನೆಯಲ್ಲಿ ಆಂಪ್ ಇರುವುದು ಈ ಮಟ್ಟದಲ್ಲೇ. ಈಗಲೂ ದನಿ ನಿಮಗೆ ಹಿಡಿಸುತ್ತದಾ? ಜೋರಾಗಿದ್ದಾಗ ಅದ್ಭುತ, ಇಳಿಸಿದಾಗ ಸಪ್ಪೆ ಎನ್ನುವ ಆಂಪ್ ನಿಮ್ಮದಲ್ಲ. ಅಂಗಡಿಯವರು "ಮನೆಗೆ ಹೋಗಿ ಸೆಟ್ ಮಾಡಿಕೊಂಡರೆ ಸರಿಹೋಗುತ್ತದೆ" ಎಂದರೆ ನಯವಾಗಿ ಬೇಡ ಅನ್ನಿ.

ಹಂತ 7: ದುಡ್ಡು ಹಂಚುವುದು

ಗಿಟಾರಿಗೇ ಎಲ್ಲ ಸುರಿದು ಆಂಪಿಗೆ ಚಿಲ್ಲರೆ ಉಳಿಸಬೇಡಿ. ಸಾಧಾರಣ ಗಿಟಾರ್ ಒಳ್ಳೆಯ ಆಂಪಿನಲ್ಲಿ ಚೆನ್ನಾಗಿ ಕೇಳುತ್ತದೆ. ಒಳ್ಳೆಯ ಗಿಟಾರ್ ಕೆಟ್ಟ ಆಂಪಿನಲ್ಲಿ ಕೆಟ್ಟದಾಗಿಯೇ ಕೇಳುತ್ತದೆ.

ಬಜೆಟ್ ಬಿಗಿಯಾಗಿದ್ದರೆ ಕ್ಲೀನ್ ದನಿ ಚೆನ್ನಾಗಿರುವ ಚಿಕ್ಕ ಟ್ರಾನ್ಸಿಸ್ಟರ್ ಆಂಪ್ ತಗೊಂಡು, ಮುಂದೆ ಒಂದು ಓವರ್‌ಡ್ರೈವ್ ಪೆಡಲ್ ಸೇರಿಸಿ. ಬಾಸ್ ಕಂಪನಿಯ ಬ್ಲೂಸ್ ಡ್ರೈವರ್, ಐಬನೇಜ್ ಟ್ಯೂಬ್ ಸ್ಕ್ರೀಮರ್ ಇಂಥವು. ಆಂಪ್ ಬದಲಿಸಿದರೂ ಪೆಡಲ್ ನಿಮ್ಮ ಜೊತೆಗೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ಕನಿಷ್ಠ ಇಪ್ಪತ್ತು ನಿಮಿಷ ಆನ್ ಮಾಡಿಟ್ಟು ನುಡಿಸಿ. ಬಿಸಿಯಾದ ಮೇಲೆ ಹೊರಬರುವ ತೊಂದರೆಗಳೇ ಜಾಸ್ತಿ. ಎಲ್ಲ ನಾಬ್ ತಿರುಗಿಸಿ, ಎಲ್ಲ ಜ್ಯಾಕ್ ಅಲುಗಾಡಿಸಿ. ಸ್ಪೀಕರಿನ ಕಾಗದದ ಮೇಲೆ ಟಾರ್ಚ್ ಬಿಟ್ಟು ಹರಿದಿದೆಯಾ, ಬೂಷ್ಟು ಹಿಡಿದಿದೆಯಾ ನೋಡಿ.

ಹಂತ 8: ಮನೆಗೆ ತಂದ ಮೇಲೆ, ಮಳೆಗಾಲಕ್ಕೆ ಮೊದಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ತೇವ ಆಂಪಿಗೆ ದೊಡ್ಡ ಶತ್ರು. ನೆಲಕ್ಕೆ ತಾಗಿಸಿ ಇಡಬೇಡಿ, ಹೊರಗೋಡೆಗೆ ಒರಗಿಸಬೇಡಿ. ಸ್ಟೂಲ್ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇಡಿ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಕೂತುಬಿಡುತ್ತದೆ. ಹತ್ತಿಯ ಬಟ್ಟೆ ಸಾಕು. ಹಿಂಭಾಗ ತೆರೆದಿರುವ ಕಾಂಬೋ ಆದರೆ ಒಳಗಡೆ, ವಾಲ್ವ್‌ಗಳಿಂದ ದೂರದ ಮೂಲೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಡಬಹುದು.

ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕರೆಂಟ್ ಹೋದಾಗಲೂ ಆಂಪಿನ ಸ್ವಿಚ್ ಆಫ್ ಮಾಡಿ, ಕರೆಂಟ್ ವಾಪಸ್ ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಬಂದು ಹೋಗಿ ಬಂದು ಹೋಗಿ ಮಾಡುವ ಹೊತ್ತಿನ ಏಟು ತಡೆಯುವುದು ಕಷ್ಟ.

ನುಡಿಸದಿದ್ದರೂ ವಾರಕ್ಕೆರಡು ಸಲ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಾಬ್ ತಿರುಗಿಸಿದಾಗ ಕರಕರ ಸದ್ದು ಬರುವುದುಂಟು. ಆಂಪ್ ಆಫ್ ಮಾಡಿ ಪ್ರತಿ ನಾಬನ್ನೂ ಸೊನ್ನೆಯಿಂದ ಹತ್ತಕ್ಕೆ ಇಪ್ಪತ್ತು ಸಲ ತಿರುಗಿಸಿ. ಬಹಳಷ್ಟು ಸಲ ಅಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ನಾಬಿನ ಒಳಗಿನ ಪಾಟ್‌ಗೆ (ಪೊಟೆನ್ಶಿಯೋಮೀಟರ್) ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆಯಬೇಕು. ಟ್ರಾನ್ಸಿಸ್ಟರ್ ಆಂಪ್ ಆದರೆ ಊರಿನ ಟಿವಿ ರಿಪೇರಿಯವರೇ ಇದನ್ನು ಮಾಡಿಕೊಡುತ್ತಾರೆ. ವಾಲ್ವ್ ಆಂಪ್ ಆದರೆ ವಾಲ್ವ್ ಬಲ್ಲವರ ಹತ್ತಿರವೇ ಒಯ್ಯಿರಿ.